‘ಮಗ ನೋಡಿಕೊಳ್ಳುತ್ತಾನೆ’ ಎಂಬ ಮಾತಿನ ಒಳಗೆ

ವಯಸ್ಸಾದವರ ಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸಿದರೆ ‘ನಮಗೇನು ಕಡಿಮೆ, ಮಗ ಚೆನ್ನಾಗಿ ನೋಡಿಕೊಳ್ಳುತ್ತಾನೆ’ ಎಂಬ ಮಾತು ಬಹುತೇಕ ತಪ್ಪದೆ ಬರುತ್ತದೆ. ತಿಂಗಳ ಮೊದಲ ವಾರ ಖಾತೆಗೆ ಹಣ ಹಾಕುವ ಮಗನ ಬಗ್ಗೆಯೂ ಇದೇ ಮಾತು, ಅಮೆರಿಕದಲ್ಲಿದ್ದು ದಿನವೂ ವಿಡಿಯೊ ಕರೆ ಮಾಡುವ ಮಗನ ಬಗ್ಗೆಯೂ ಇದೇ ಮಾತು, ರಾತ್ರಿ ಮೂರು ಸಲ ಎದ್ದು ತಂದೆಯನ್ನು ಹಿಡಿದು ಬಚ್ಚಲಿಗೆ ನಡೆಸಿಕೊಂಡು ಹೋಗುವ ಮಗನ ಬಗ್ಗೆಯೂ ಇದೇ ಮಾತು. ಇನ್ನೊಂದು ಬಗೆಯ ಮನೆಯೂ ಇದೆ. ಅಲ್ಲಿ ಗಂಜಿ ಕಾಯಿಸುವುದು, ಮಾತ್ರೆ ಕೊಡುವುದು, ಒದ್ದೆಯಾದ ಬಟ್ಟೆ ಬದಲಿಸುವುದು ಎಲ್ಲವೂ ಸೊಸೆಯ ಕೆಲಸ. ನೋಡಿಕೊಂಡ ಹೆಸರು ಮಗನದು. ಕನ್ನಡದ ಈ ಒಂದು ಕ್ರಿಯಾಪದ ಹಣ, ಸೂರು, ಮಾತು ಮತ್ತು ಮೈಮುಟ್ಟಿ ಮಾಡುವ ಆರೈಕೆ, ಇಷ್ಟನ್ನೂ ಒಂದೇ ಚೀಲದಲ್ಲಿ ತುಂಬಿಕೊಂಡಿದೆ. ಇವುಗಳಲ್ಲಿ ಕೊನೆಯದು ಈಗ ನಿಧಾನವಾಗಿ ಗಂಡುಮಕ್ಕಳ ಕೈಗೆ ಬರುತ್ತಿದೆ. ಆ ಕೆಲಸವನ್ನು ಅವರಿಗೆ ಯಾರೂ ಕಲಿಸಿಲ್ಲ, ಅದಕ್ಕೆ ಬೇಕಾದ ಸಮಯವನ್ನು ಯಾರೂ ಬಿಟ್ಟುಕೊಟ್ಟಿಲ್ಲ, ಮಗನ ಕರ್ತವ್ಯದ ಬಗ್ಗೆ ಅಷ್ಟೆಲ್ಲ ಹೇಳುವ ನಮ್ಮ ಕಾನೂನಿನಲ್ಲಿಯೂ ಅದರ ಅಳತೆಯಿಲ್ಲ.

ಈ ಬದಲಾವಣೆಯ ಹಿಂದೆ ಇರುವುದು ಸರಳವಾದ ಲೆಕ್ಕ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಹೆಚ್ಚಿದ್ದರು, ಅಂದರೆ ಜನಸಂಖ್ಯೆಯ ಶೇ 8.6ರಷ್ಟು. ಕರ್ನಾಟಕದಲ್ಲಿ ಆ ಪ್ರಮಾಣ ಆಗಲೇ ಶೇ 9.5ರಷ್ಟಿತ್ತು. ಇನ್ನೊಂದು ಕಡೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 1.7ಕ್ಕೆ ಇಳಿದಿದೆ. ಐದಾರು ಮಕ್ಕಳಿದ್ದ ಮನೆಯಲ್ಲಿ ಯಾರೋ ಒಬ್ಬರು ಊರಲ್ಲಿ ಉಳಿಯುತ್ತಿದ್ದರು, ಯಾರೋ ಒಬ್ಬಳು ಸೊಸೆ ಮನೆಯಲ್ಲಿ ಇರುತ್ತಿದ್ದಳು. ಎರಡೇ ಮಕ್ಕಳಿರುವ ಮನೆಗಳನ್ನು ತೆಗೆದುಕೊಂಡರೆ, ಸಂಭವನೀಯತೆಯ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಮನೆಗಳಲ್ಲಿ ಒಬ್ಬನೇ ಮಗನಿರುತ್ತಾನೆ, ಕಾಲು ಭಾಗದಷ್ಟು ಮನೆಗಳಲ್ಲಿ ಮಗನೇ ಇರುವುದಿಲ್ಲ. ಆ ಒಬ್ಬನೇ ಮಗನ ಹೆಂಡತಿಯೂ ಎಷ್ಟೋ ಮನೆಗಳಲ್ಲಿ ದುಡಿಯುತ್ತಾಳೆ, ಜೊತೆಗೆ ಆಕೆಯ ತಂದೆತಾಯಿಗೂ ಆಕೆ ಒಬ್ಬಳೇ ಮಗಳಿರಬಹುದು. ಇಬ್ಬರ ನಡುವೆ ನಾಲ್ವರು ಮುದುಕರು ಎಂಬುದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಅಪಾರ್ಟ್‌ಮೆಂಟುಗಳಲ್ಲಿ ಹೊಸ ಸಂಗತಿಯಾಗಿ ಉಳಿದಿಲ್ಲ.

ಹಳ್ಳಿಯ ಚಿತ್ರ ಬೇರೆ, ಆದರೆ ಬಂದು ಮುಟ್ಟುವ ಜಾಗ ಒಂದೇ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ರೈತ ಯುವಕರು ತಮಗೆ ಕಂಕಣಭಾಗ್ಯ ಕೂಡಿ ಬರಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅನೇಕರು ಅದನ್ನು ತಮಾಷೆಯ ಸುದ್ದಿಯೆಂಬಂತೆ ಓದಿದರು. ಹೆಣ್ಣು ಸಿಗದೆ ಮೂವತ್ತೈದು ದಾಟಿದ ಗಂಡುಮಕ್ಕಳು ವಯಸ್ಸಾದ ತಂದೆತಾಯಿಯ ಜೊತೆ ಉಳಿದಿರುವ ಮನೆಗಳು ಮಂಡ್ಯದಲ್ಲಿ ಮಾತ್ರವಲ್ಲ, ಶಿರಸಿ, ಸಾಗರದ ಕಡೆಯ ಅಡಿಕೆ ತೋಟಗಳ ನಡುವೆಯೂ ಇವೆ. ಅಂಥ ಮನೆಯಲ್ಲಿ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಅಡುಗೆ, ದನ, ತೋಟ, ತಾಯಿಯ ಸ್ನಾನ ಎಲ್ಲವೂ ಆ ಒಬ್ಬನ ಮೇಲೆ ಬೀಳುತ್ತದೆ. ಹೆಣ್ಣು ನೋಡಲು ಹೋದಾಗ ‘ನಮ್ಮ ಅಪ್ಪ ಅಮ್ಮನನ್ನು ನೋಡಿಕೊಳ್ಳುವವಳು ಬೇಕು’ ಎಂದು ಗಂಡಿನ ಕಡೆಯವರು ಮೊದಲ ಷರತ್ತಾಗಿ ಹೇಳುವುದುಂಟು. ಮಗನ ಹೊಣೆಯನ್ನು ಇನ್ನೊಬ್ಬರ ಮನೆಯ ಮಗಳಿಗೆ ವಹಿಸಿಕೊಡುವ ಒಪ್ಪಂದ ಅದು. ಆ ಹುಡುಗಿ ಬೇಡವೆನ್ನಲು ಅದೂ ಒಂದು ಕಾರಣವಿರಬಹುದು ಎಂಬುದನ್ನು ನಾವು ಯೋಚಿಸುವುದೇ ಇಲ್ಲ.

ಹೊರೆ ಇಂದಿಗೂ ಹೆಚ್ಚಾಗಿ ಹೆಂಗಸರದೇ ಎನ್ನುವುದನ್ನು ಮರೆಮಾಚಬಾರದು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಮಹಿಳೆಯರಲ್ಲಿ ಶೇ 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗುತ್ತಾರೆ. ಅದೇ ವಯಸ್ಸಿನ ಗಂಡಸರಲ್ಲಿ ಈ ಪ್ರಮಾಣ ಶೇ 21.4. ತೊಡಗಿದವರಲ್ಲಿ ಮಹಿಳೆ ದಿನಕ್ಕೆ ಸುಮಾರು 140 ನಿಮಿಷ ಕೊಟ್ಟರೆ ಗಂಡಸು ಕೊಡುವುದು 74 ನಿಮಿಷ. ಇದರಲ್ಲಿ ಮಕ್ಕಳ ಆರೈಕೆಯೂ ಸೇರಿದೆಯಾದ್ದರಿಂದ ಮುದುಕರ ಪಾಲು ಎಷ್ಟೆಂದು ಈ ಅಂಕಿಗಳಿಂದ ಬಿಡಿಸಿ ಹೇಳುವಂತಿಲ್ಲ. ಆದರೂ ಐವರು ಗಂಡಸರಲ್ಲಿ ಒಬ್ಬ ದಿನಕ್ಕೆ ಒಂದು ಗಂಟೆಗೂ ಮಿಕ್ಕಿ ಆರೈಕೆಯ ಕೆಲಸದಲ್ಲಿ ಇದ್ದಾನೆ ಎನ್ನುವುದು ಸಣ್ಣ ಸಂಗತಿಯಲ್ಲ, ನಾಲ್ವರು ಇಲ್ಲ ಎನ್ನುವುದಂತೂ ಇನ್ನೂ ದೊಡ್ಡ ಸಂಗತಿ.

ನ್ಯಾಯಾಲಯಗಳ ಭಾಷೆಯಲ್ಲೂ ಈ ಗೊಂದಲ ಕಾಣುತ್ತದೆ. ಕರ್ನಾಟಕದಿಂದ ಹೋಗಿದ್ದ ಒಂದು ವಿಚ್ಛೇದನ ಪ್ರಕರಣದಲ್ಲಿ 2016ರ ಅಕ್ಟೋಬರ್‌ನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ವಯಸ್ಸಾದ ತಂದೆತಾಯಿಯನ್ನು ಸಾಕುವುದು ಮಗನ ಧರ್ಮವೆಂದೂ, ಸಕಾರಣವಿಲ್ಲದೆ ಅವನನ್ನು ಅವರಿಂದ ಬೇರ್ಪಡಿಸಲು ಹೆಂಡತಿ ಒತ್ತಾಯಿಸುವುದು ಕ್ರೌರ್ಯವೆಂದೂ ಹೇಳಿತು. ಮಗನ ಕರ್ತವ್ಯದ ಬಗ್ಗೆ ಆ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ. ಆದರೆ ಅತ್ತೆಮಾವ ಜೊತೆಗಿರುವ ಮನೆಯಲ್ಲಿ ದಿನನಿತ್ಯದ ಆರೈಕೆ ಯಾರ ಪಾಲಿಗೆ ಬರುತ್ತದೆ ಎಂಬ ಪ್ರಶ್ನೆ ಅಲ್ಲಿ ಏಳಲಿಲ್ಲ. ವಾಸ್ತವದಲ್ಲಿ ಸೊಸೆಗೆ ಅಂಥ ಹೊಣೆಯನ್ನು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಹೊರಿಸುವುದೇ ಇಲ್ಲ. ಅದರ ಪ್ರಕಾರ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ, ಅಳಿಯಂದಿರನ್ನೂ ಸೇರಿಸುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತಾದರೂ ಕಾನೂನಾಗಲಿಲ್ಲ. ಆಗದೇ ಹೋದದ್ದು ಒಳ್ಳೆಯದೆಂದೇ ನನ್ನ ಎಣಿಕೆ. ಬರವಣಿಗೆಯಲ್ಲಿ ಅಳಿಯನ ಹೆಸರು ಜೊತೆಗಿದ್ದರೂ ಆಚರಣೆಯಲ್ಲಿ ಅದು ಸೊಸೆಯ ದುಡಿಮೆಗೆ ಕಾನೂನಿನ ಮೊಹರು ಒತ್ತಿದಂತಾಗುತ್ತಿತ್ತು.

ಈ ಕಾಯ್ದೆ ಏನು ಕೊಡುತ್ತದೆ, ಏನು ಕೊಡಲಾರದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ತಂದೆತಾಯಿ ಮಕ್ಕಳ ಮೇಲೆ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿ ಅದರ ಅಧ್ಯಕ್ಷರು, ಮೇಲ್ಮನವಿ ಜಿಲ್ಲಾಧಿಕಾರಿಗೆ. ನೋಟಿಸ್ ಜಾರಿಯಾದ 90 ದಿನಗಳೊಳಗೆ ತೀರ್ಮಾನವಾಗಬೇಕು. ಕೊಡಿಸಬಹುದಾದ ಜೀವನಾಂಶಕ್ಕೆ ತಿಂಗಳಿಗೆ ₹10,000ದ ಮಿತಿಯಿದೆ, ಆ ಮಿತಿ 2007ರಲ್ಲಿ ಇಟ್ಟದ್ದು. ಬಿಟ್ಟುಹೋಗುವ ಉದ್ದೇಶದಿಂದ ಹಿರಿಯರನ್ನು ಎಲ್ಲಾದರೂ ತೊರೆದರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ ₹5,000ದವರೆಗೆ ದಂಡ, ಇಲ್ಲವೆ ಎರಡೂ.

ಇವೆಲ್ಲಕ್ಕಿಂತ ಹೆಚ್ಚು ಸುದ್ದಿಯಲ್ಲಿರುವುದು 23ನೇ ಕಲಂ. ನೋಡಿಕೊಳ್ಳುವ ಷರತ್ತಿನ ಮೇಲೆ ದಾನಪತ್ರ ಅಥವಾ ಬೇರೆ ರೀತಿಯಲ್ಲಿ ಆಸ್ತಿ ಬರೆಸಿಕೊಂಡವರು ಆ ಷರತ್ತನ್ನು ಮುರಿದರೆ, ವರ್ಗಾವಣೆಯನ್ನೇ ರದ್ದುಪಡಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. ವರ್ಗಾವಣೆಗೆ ಅಂಥ ಷರತ್ತು ಇತ್ತೆಂದು ತೋರಿಸಲೇಬೇಕು ಎಂದು 2022ರ ಡಿಸೆಂಬರ್‌ನಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ, ಇದು ಹಿರಿಯರ ಹಿತಕ್ಕಾಗಿ ಇರುವ ಕಾನೂನಾದ್ದರಿಂದ ಅದನ್ನು ಉದಾರವಾಗಿ ಅರ್ಥೈಸಬೇಕೆಂದಿತು. ಆದ್ದರಿಂದ ಆಸ್ತಿ ಬರೆದುಕೊಡುವ ಹಿರಿಯರು ‘ನನ್ನನ್ನು ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು’ ಎಂಬ ಸಾಲನ್ನು ಪತ್ರದಲ್ಲಿಯೇ ಬರೆಸುವುದು ಕ್ಷೇಮ. ಮಕ್ಕಳ ಮೇಲೆ ಅಪನಂಬಿಕೆ ತೋರಿಸಿದಂತಾಗುತ್ತದೆ ಎಂಬ ದಾಕ್ಷಿಣ್ಯಕ್ಕೆ ಎಷ್ಟೋ ತಾಯಂದಿರು ಆ ಸಾಲನ್ನು ಬಿಟ್ಟುಬಿಡುತ್ತಾರೆ.

2025ರ ಮಾರ್ಚ್‌ನಲ್ಲಿ, ಬೆಳಗಾವಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮಕ್ಕಳು ಬಿಟ್ಟುಹೋದ ಹಿರಿಯರ ಸಂಖ್ಯೆ 150 ದಾಟಿದೆ ಎಂಬ ವರದಿಯ ಬೆನ್ನಲ್ಲೇ, ಅಂಥ ಪ್ರಕರಣಗಳಲ್ಲಿ ಉಪವಿಭಾಗಾಧಿಕಾರಿಗೆ ದೂರು ಕೊಡಬೇಕೆಂದು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿಗೆ ಸೂಚಿಸಿದರು. ಆಸ್ತಿ ವರ್ಗಾವಣೆ ಮತ್ತು ಉಯಿಲುಗಳನ್ನು ರದ್ದುಪಡಿಸುವ ಮಾತೂ ಬಂತು. ಉಯಿಲಿನ ಮಟ್ಟಿಗೆ ಯಾವ ಕಾಯ್ದೆಯ ಆಸರೆಯೂ ಬೇಕಿಲ್ಲ, ಬರೆದವರು ಬದುಕಿರುವವರೆಗೆ ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಈ ಬಿಗಿಕ್ರಮ ಬೇಕಾದದ್ದೇ. ಆದರೆ ಆಸ್ಪತ್ರೆಯಲ್ಲಿ ಬಿಟ್ಟುಹೋದವರೆಲ್ಲ ಆಸ್ತಿ ನುಂಗಿದವರು ಎಂದು ತಿಳಿದರೆ ತಪ್ಪಾಗುತ್ತದೆ. ಬರೆದುಕೊಡಲು ಒಂದು ಗುಂಟೆ ಜಮೀನೂ ಇಲ್ಲದ ಮನೆಗಳಲ್ಲಿ, ಒಂದು ದಿನ ಕೂಲಿ ತಪ್ಪಿದರೆ ಒಲೆ ಹೊತ್ತಿಸಲಾಗದ ಮಗನಿಗೆ ಮಲಗಿದಲ್ಲೇ ಮಲಗಿರುವ ತಂದೆಯನ್ನು ಏನು ಮಾಡಬೇಕೆಂದು ನಿಜವಾಗಿಯೂ ತೋಚುವುದಿಲ್ಲ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಸಿಗುವ ತಿಂಗಳ ₹1,200ರಲ್ಲಿ ವಯಸ್ಕರ ಡೈಪರಿನ ಖರ್ಚೂ ಹೊರಡುವುದಿಲ್ಲ.

ಕಾನೂನಿಗೆ ಅಳೆಯಲು ಬರುವುದು ಹಣ, ಆಸ್ತಿ, ಸೂರು. ಮೈಮುಟ್ಟಿ ಮಾಡುವ ಆರೈಕೆಗೆ ಅದರ ಬಳಿ ಅಳತೆಗೋಲಿಲ್ಲ, ಇರುವುದೂ ಸಾಧ್ಯವಿಲ್ಲ. ಆ ಕೆಲಸಕ್ಕೆ ಬೇಕಿರುವುದು ತಿಳಿವಳಿಕೆ. ಇಲ್ಲಿ ನಮ್ಮ ಸಂಪ್ರದಾಯದ ಒಂದು ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ. ಹೆರಿಗೆಯಾದ ಹೆಣ್ಣನ್ನು ನೋಡಿಕೊಳ್ಳುವುದಕ್ಕೆ ‘ಬಾಣಂತನ’ ಎಂಬ ಹೆಸರಿದೆ; ಎಣ್ಣೆ, ಬಿಸಿನೀರು, ಪಥ್ಯ, ಎಷ್ಟು ದಿನ, ಯಾರ ಮನೆಯಲ್ಲಿ ಎಂಬ ಪೂರ್ತಿ ಕ್ರಮವಿದೆ, ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಅದು ದಾಟಿ ಬಂದಿದೆ. ತಂದೆ ತೀರಿಹೋದ ಮೇಲೆ ಮಗ ಏನು ಮಾಡಬೇಕೆಂಬುದಕ್ಕೂ ಕ್ರಮವಿದೆ. ಎಷ್ಟನೆಯ ದಿನ ಏನು, ಯಾವ ಕೈಯಿಂದ ಎಷ್ಟು ಎಳ್ಳುನೀರು ಎಂಬುದನ್ನೆಲ್ಲ ಪಕ್ಕದಲ್ಲಿ ಕೂತು ಹೇಳಿಕೊಡುವವರಿದ್ದಾರೆ. ಆದರೆ ತಂದೆ ಬದುಕಿದ್ದು ಹಾಸಿಗೆ ಹಿಡಿದ ಮೂರು ವರ್ಷಗಳಲ್ಲಿ ಮಗನ ಕೈ ಏನು ಮಾಡಬೇಕು ಎಂದು ಹೇಳಿಕೊಡುವವರು ಯಾರೂ ಇಲ್ಲ. ಶ್ರವಣಕುಮಾರನ ಕಥೆಯನ್ನು ಹೇಳಿ ಬೆಳೆಸಿದ ಹುಡುಗನಿಗೆ ಆದರ್ಶ ಗೊತ್ತಿದೆ, ವಿಧಾನ ಗೊತ್ತಿಲ್ಲ.

ವಿಧಾನ ಎಂದರೆ ಏನೆಂದು ಹೇಳಬೇಕಾದರೆ ಪಾರ್ಶ್ವವಾಯುವಿನ ರೋಗಿಯನ್ನು ಮನೆಗೆ ಕಳಿಸುವ ದಿನವನ್ನು ನೆನೆಯಬಹುದು. ಬಿಲ್ಲು, ಇನ್ಶೂರೆನ್ಸ್, ಔಷಧಿಯ ಚೀಟಿ, ಎರಡು ವಾರದ ನಂತರ ಬನ್ನಿ ಎಂಬ ಮಾತು, ಇಷ್ಟರಲ್ಲಿ ದಿನ ಮುಗಿಯುತ್ತದೆ. ಮನೆಗೆ ಬಂದ ರಾತ್ರಿಯಿಂದ ಮಗನಿಗೆ ಬೇಕಾಗುವುದು ಬೇರೆಯೇ. ಹಾಸಿಗೆ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬದಲಿಸುವಾಗ ಬಿದ್ದುಹೋದ ಕೈಯನ್ನು ಹಿಡಿದು ಎಳೆಯಬಾರದು, ಎಳೆದರೆ ಭುಜದ ಕೀಲಿಗೆ ಪೆಟ್ಟಾಗುತ್ತದೆ. ನುಂಗುವ ಶಕ್ತಿ ಕುಗ್ಗಿದವರಿಗೆ ಮಲಗಿಸಿಕೊಂಡು ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು, ಆದ್ದರಿಂದ ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪವೇ ಕೊಟ್ಟು, ಊಟವಾದ ಮೇಲೂ ಅರ್ಧ ಗಂಟೆ ಕೂರಿಸಬೇಕು. ಮಂಚದಿಂದ ಕುರ್ಚಿಗೆ ದಾಟಿಸುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಎತ್ತದಿದ್ದರೆ ಒಂದೇ ತಿಂಗಳಲ್ಲಿ ಮಗನ ಬೆನ್ನೂ ಹೋಗುತ್ತದೆ. ಇವು ಯಾವುವೂ ಕಠಿಣ ವಿದ್ಯೆಗಳಲ್ಲ, ತಿಳಿದ ನರ್ಸ್ ಒಬ್ಬರು ಒಂದು ಗಂಟೆಯಲ್ಲಿ ಮಾಡಿ ತೋರಿಸಿ, ಅವನ ಕೈಯಿಂದ ಮಾಡಿಸಿ ನೋಡಬಹುದು. ಆ ಒಂದು ಗಂಟೆ ನಮ್ಮ ಹೆಚ್ಚಿನ ಆಸ್ಪತ್ರೆಗಳ ದಿನಚರಿಯಲ್ಲಿ ಇಲ್ಲ.

ತಾಯಿಯ ವಿಷಯದಲ್ಲಿ ಇದಕ್ಕೆ ಸಂಕೋಚವೂ ಸೇರಿಕೊಳ್ಳುತ್ತದೆ, ಮಗನ ಆರೈಕೆಯ ಅತ್ಯಂತ ಕಷ್ಟದ, ಯಾರೂ ಮಾತನಾಡದ ಭಾಗ ಇದೇ. ಮಗ ತನ್ನ ಮೈ ನೋಡಬಾರದು ಎಂದು ತಾಯಿ ಒದ್ದೆ ಬಟ್ಟೆಯಲ್ಲೇ ಬೆಳಗಿನವರೆಗೆ ಮಲಗಿರುತ್ತಾಳೆ. ರಾತ್ರಿ ಅವನನ್ನು ಎಬ್ಬಿಸಬೇಕಾಗುತ್ತದೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. ನೀರು ಬಿಟ್ಟರೆ ಮೂತ್ರದ ಸೋಂಕು, ಸೋಂಕು ಬಂದರೆ ವಯಸ್ಸಾದವರಲ್ಲಿ ಜ್ವರಕ್ಕಿಂತ ಮೊದಲು ಕಾಣುವುದು ಎಷ್ಟೋ ಸಲ ಗೊಂದಲ, ಬಡಬಡಿಕೆ. ಮನೆಯವರು ಅದನ್ನು ಅರಳುಮರಳು ಎಂದುಕೊಳ್ಳುತ್ತಾರೆ. ಮಗನಿಗೂ ಕೈ ಚಾಚಲು ನಾಚಿಕೆ, ಹಾಗಾಗಿ ಅವನು ಔಷಧಿ, ಬಿಲ್ಲು, ವೈದ್ಯರ ಭೇಟಿ ಇವುಗಳಲ್ಲಿ ತನ್ನ ಪ್ರೀತಿಯನ್ನೆಲ್ಲ ಸುರಿಯುತ್ತಾನೆ. ಈ ಸಂಕೋಚ ಸಹಜವಾದದ್ದು, ಉಪದೇಶದಿಂದ ಕರಗುವಂಥದ್ದಲ್ಲ. ಅದನ್ನು ಕಡಿಮೆ ಮಾಡುವ ಸಣ್ಣ ಸಣ್ಣ ದಾರಿಗಳಿವೆ: ಮುಂದೆ ಗುಂಡಿಯಿರುವ ನೈಟಿ, ಸ್ನಾನ ಮಾಡಿಸುವಾಗ ಮೈಮೇಲೆ ದೊಡ್ಡದೊಂದು ಟವೆಲ್ ಹೊದಿಸಿ ಅದರಡಿಯಲ್ಲಿಯೇ ಒರೆಸುವುದು, ಮುಟ್ಟುವ ಮೊದಲು ‘ಅಮ್ಮ, ಈಗ ಕಾಲು ಎತ್ತುತ್ತೇನೆ’ ಎಂದು ಹೇಳುವುದು, ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಟ್ಟು ಅದರವರೆಗೆ ಮಾತ್ರ ನಡೆಸಿ ಬಾಗಿಲ ಹೊರಗೆ ನಿಲ್ಲುವುದು. ಅನುಕೂಲವಿದ್ದರೆ ಸ್ನಾನದ ಹೊತ್ತಿಗಷ್ಟೇ ಹೋಮ್ ನರ್ಸ್ ಒಬ್ಬರನ್ನು ಕರೆಸಿಕೊಳ್ಳುವುದೂ ಒಳ್ಳೆಯ ವ್ಯವಸ್ಥೆ. ತಾಯಿಗೆ ಯಾವುದು ಹಿತವೆಂದು ತಾಯಿಯನ್ನೇ ಕೇಳಬೇಕು, ಅದೂ ಆಕೆ ಹಾಸಿಗೆ ಹಿಡಿಯುವ ಮೊದಲೇ.

ಮರೆವಿನ ಕಾಯಿಲೆ ಬಂದರೆ ಕೇಳುವ ಅವಕಾಶವೂ ಹೋಗುತ್ತದೆ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇರಬಹುದೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಸಂಜೆಯಾದರೆ ‘ನಮ್ಮನೆಗೆ ಹೋಗೋಣ’ ಎಂದು ಹಟ ಹಿಡಿಯುವ ತಂದೆಗೆ ‘ಇದೇ ನಿಮ್ಮನೆ’ ಎಂದು ನೂರು ಸಲ ಹೇಳಿ ಕೊನೆಗೆ ಕೂಗಾಡುವ ಮಗ ಕೆಟ್ಟವನೇನಲ್ಲ, ವಾದದಿಂದ ಆ ಕಾಯಿಲೆ ಇಳಿಯುವುದಿಲ್ಲ ಎಂದು ಅವನಿಗೆ ಹೇಳಿದವರಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಕಡೆ ಈ ತಿಳಿವಳಿಕೆ ಸಿಗುತ್ತದೆ. ಹಾವೇರಿಯಲ್ಲಿಯೋ ಚಾಮರಾಜನಗರದಲ್ಲಿಯೋ ಇರುವ ಮಗನಿಗೆ ಅಂಥದ್ದು ಹತ್ತಿರದಲ್ಲಿಲ್ಲ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ ಎನ್ನುವುದೂ ಬಹಳ ಮಂದಿಗೆ ಗೊತ್ತಿಲ್ಲ.

ಕಲಿತರೂ ಸಮಯ ಬೇಕಲ್ಲ. ಕೇಂದ್ರ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೆ ಮತ್ತು ಒಂಟಿ ತಂದೆಯಂದಿರಿಗೆ ಮಕ್ಕಳ ಪಾಲನೆಗಾಗಿ ಸೇವಾವಧಿಯಲ್ಲಿ 730 ದಿನಗಳ ರಜೆ ಇದೆ. ತಂದೆತಾಯಿಯ ಆರೈಕೆಗೆಂದು ಅಂಥ ಪ್ರತ್ಯೇಕ ರಜೆ ಅವರಲ್ಲಿ ಯಾರಿಗೂ ಇಲ್ಲ. 30 ದಿನಗಳ ಗಳಿಕೆ ರಜೆಯನ್ನು ಅದಕ್ಕೂ ಬಳಸಿಕೊಳ್ಳಬಹುದು ಎಂದು 2025ರ ಜುಲೈನಲ್ಲಿ ರಾಜ್ಯಸಭೆಗೆ ಉತ್ತರ ಬಂತು. ಅಸ್ಸಾಂ ಸರ್ಕಾರ, ತಂದೆತಾಯಿಯನ್ನು ನಿರ್ಲಕ್ಷಿಸುವ ನೌಕರರ ಸಂಬಳದಲ್ಲಿ ಶೇ 10ರಷ್ಟು ಕಡಿತ ಮಾಡಿ ಆ ತಂದೆತಾಯಿಗೆ ಕೊಡುವ ಕಾಯ್ದೆಯನ್ನು 2017ರಲ್ಲೇ ತಂದಿದೆ. ಹಣ ಹಿಡಿಯುವುದು ಸುಲಭ, ಸಮಯ ಬಿಟ್ಟುಕೊಡುವುದು ಕಷ್ಟ ಎಂಬುದಕ್ಕೆ ಇವೆರಡೂ ಸಾಕ್ಷಿ. ಖಾಸಗಿ ಕಂಪನಿಯಲ್ಲಿ ‘ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕು’ ಎಂದು ವಾರಕ್ಕೆ ಎರಡು ದಿನ ತಡವಾಗಿ ಬರುವ ನಲವತ್ತೈದರ ಗಂಡಸಿಗೆ ‘ಮನೆಯಲ್ಲಿ ಬೇರೆ ಯಾರೂ ಇಲ್ಲವೆ’ ಎಂಬ ಪ್ರಶ್ನೆ ಬರುತ್ತದೆ. ಆ ‘ಬೇರೆ ಯಾರೂ’ ಎಂದರೆ ಯಾರು ಎಂದು ಕೇಳಿದವರಿಗೂ ಕೇಳಿಸಿಕೊಂಡವನಿಗೂ ಗೊತ್ತು.

ನಮಗಿಂತ ಮೊದಲೇ ಮುಪ್ಪಾದ ಜಪಾನ್ ಈ ದಾರಿಯಲ್ಲಿ ಮುಂದಿದೆ. ಅಲ್ಲಿಯೂ ಒಂದು ಕಾಲದಲ್ಲಿ ಅತ್ತೆಮಾವನ ಆರೈಕೆ ಸೊಸೆಯ ಪಾಲಾಗಿತ್ತು. 2000ದಲ್ಲಿ ದೀರ್ಘಕಾಲಿಕ ಆರೈಕೆಗೆ ಕಡ್ಡಾಯ ವಿಮೆ ತಂದರು. ಕುಟುಂಬದ ಒಬ್ಬ ಸದಸ್ಯರ ಆರೈಕೆಗೆ ಒಟ್ಟು 93 ದಿನಗಳ ರಜೆ ಪಡೆಯುವ ಹಕ್ಕೂ ಅಲ್ಲಿದೆ. ಹಾಗಿದ್ದೂ ಆರೈಕೆಗಾಗಿ ಕೆಲಸ ಬಿಡುವವರು ಅಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ. ಇನ್ನೂ ಕಳವಳದ ಸಂಗತಿಯೆಂದರೆ, ಮನೆಯೊಳಗೆ ಹಿರಿಯರ ಮೇಲೆ ನಡೆಯುವ ಹಿಂಸೆಯ ಕುರಿತ ಅಲ್ಲಿನ ಸರ್ಕಾರಿ ವರದಿಗಳಲ್ಲಿ ಹಿಂಸಿಸಿದವರ ಪೈಕಿ ಮಗನದೇ ದೊಡ್ಡ ಪಾಲು, ಹತ್ತರಲ್ಲಿ ಸುಮಾರು ನಾಲ್ಕು. ಒಬ್ಬನೇ, ನೆರವಿಲ್ಲದೆ, ಮನೆಗೆಲಸದ ಅಭ್ಯಾಸವೇ ಇಲ್ಲದೆ ನಡುವಯಸ್ಸಿನಲ್ಲಿ ಈ ಹೊಣೆಗೆ ಬಿದ್ದ ಗಂಡಸು ಕುಸಿಯುತ್ತಾನೆ, ಕುಸಿದದ್ದನ್ನು ಯಾರಿಗೂ ಹೇಳುವುದಿಲ್ಲ. ಮಂಡ್ಯದ, ಶಿರಸಿಯ ಒಂಟಿ ಮಗನನ್ನು ಕುರಿತು ನಾವು ಈಗಲೇ ಯೋಚಿಸಬೇಕಾಗಿರುವುದು ಇದಕ್ಕಾಗಿ.

ಹೆಣ್ಣುಮಕ್ಕಳ ಮಾತನ್ನು ಬಿಟ್ಟು ಮಗನ ಹೊಣೆಯನ್ನು ಚರ್ಚಿಸಲಾಗದು. ಮದುವೆಯಾದ ಮಗಳೂ ತಂದೆತಾಯಿಯನ್ನು ಪೋಷಿಸಲು ಬದ್ಧಳು ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ ತಂದಿತು. ತವರಿಗೆ ಬಂದು ಹದಿನೈದು ದಿನ ತಾಯಿಯ ಪಕ್ಕ ಮಲಗುವ ಮಗಳು, ಪಾಲಿನ ಮಾತು ಬಂದಾಗ ‘ಅಣ್ಣ ನೋಡಿಕೊಂಡಿದ್ದಾನೆ’ ಎಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಬರುವುದು ಇಂದಿಗೂ ನಡೆದಿದೆ. ಯಾರು ಎಷ್ಟು ದಿನ, ಯಾರು ಎಷ್ಟು ಹಣ, ಯಾರು ಯಾವ ಕೆಲಸ ಎಂಬುದನ್ನು ಅಣ್ಣ, ತಂಗಿ, ಸೊಸೆ ಒಟ್ಟಿಗೆ ಕೂತು ಬಾಯಿಬಿಟ್ಟು ಮಾತಾಡಿಕೊಂಡ ಮನೆಗಳಲ್ಲಿ ಆಸ್ತಿಯ ಜಗಳವೂ ಕಡಿಮೆ ಎಂಬುದು ನಾನು ಕಂಡ ಮಾತು.

ಸರ್ಕಾರ ಏನು ಮಾಡಬಹುದು ಎಂಬುದಕ್ಕೆ ನೆರೆಯ ಕೇರಳದಲ್ಲಿ ಒಂದು ದಾರಿ ಸಿಗುತ್ತದೆ. 2008ರಲ್ಲಿ ಉಪಶಾಮಕ ಆರೈಕೆ (ವಾಸಿಯಾಗದ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಪ್ಯಾಲಿಯೇಟಿವ್ ಕೇರ್) ನೀತಿಯನ್ನು ದೇಶದಲ್ಲಿ ಮೊದಲು ತಂದ ಆ ರಾಜ್ಯದಲ್ಲಿ, ಸ್ಥಳೀಯ ಸಂಸ್ಥೆಗಳ ಹೊಣೆಯಲ್ಲಿ ಸಮುದಾಯ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. ಹುಣ್ಣು ತೊಳೆದು ಕಟ್ಟುವುದರ ಜೊತೆಗೆ ಅದನ್ನು ಮನೆಯವರಿಗೂ ಕಲಿಸಿ ಬರುತ್ತಾರೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ, ಜಿಲ್ಲೆಗೊಂದರಂತೆ ವೈದ್ಯಕೀಯ ಕಾಲೇಜುಗಳು ಬರುತ್ತಿವೆ, ಅವುಗಳ ಜೊತೆ ನರ್ಸಿಂಗ್ ವಿದ್ಯಾರ್ಥಿಗಳೂ ಇದ್ದಾರೆ. ಬಿಟ್ಟುಹೋದ ಹಿರಿಯರ ಬಗ್ಗೆ ಆಸ್ಪತ್ರೆ ಉಪವಿಭಾಗಾಧಿಕಾರಿಗೆ ಬರೆಯುವ ದೂರು ಒಂದು ಕಾಗದವಾದರೆ, ಅದಕ್ಕೂ ಮೊದಲು ಇನ್ನೊಂದು ಕಾಗದ ಇರಬೇಕು: ರೋಗಿಯನ್ನು ಮನೆಗೆ ಕಳಿಸುವ ದಿನ, ಮಗ್ಗುಲು ಬದಲಿಸುವುದು, ಉಣಿಸುವುದು, ಎತ್ತಿ ಕೂರಿಸುವುದು, ಬಟ್ಟೆ ಬದಲಿಸುವುದು ಇವನ್ನು ಮನೆಯ ಯಾರಿಗೆ ಕಲಿಸಲಾಯಿತು, ಅವರು ಮಾಡಿ ತೋರಿಸಿದರೇ ಎಂದು ದಾಖಲಿಸುವ ಕಾಗದ. ಅದರಲ್ಲಿ ಕಲಿತವರ ಹೆಸರಿನ ಜಾಗದಲ್ಲಿ, ಹಾಸಿಗೆಯ ಪಕ್ಕದಲ್ಲೇ ನಿಂತಿರುವ ಮಗನ ಹೆಸರನ್ನು ಮೊದಲು ಬರೆಯಬೇಕು.